ತುಯ್ ಶೌ: ತಳ್ಳೋಣ ಅಂದುಕೊಂಡ ಕೂಡಲೇ ಎದುರಿನವರಿಗೆ ಗೊತ್ತಾಗುತ್ತೆ, ಯಾಕೆ?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಯಾಂಗ್ ಶೈಲಿಯ ತಾಯ್ ಚಿ (ಚೀನೀ ಸಮರಕಲೆ) ಕಲೀತಾ ಇದ್ದೀನಿ. ಒಬ್ಬನೇ ಫಾರ್ಮ್ (ಗೊತ್ತುಪಡಿಸಿದ ಚಲನೆಗಳ ಸರಣಿ) ಮಾಡುವಾಗ ಮೈ ಸಡಿಲವಾಗೇ ಇರುತ್ತೆ. ಜೊತೆಗಾರರ ಎದುರು ಒಂಟಿ ಕೈಯ ತುಯ್ ಶೌಗೆ, ಅಂದರೆ ಮಣಿಕಟ್ಟು ಜೋಡಿಸಿ ಒಬ್ಬರನ್ನೊಬ್ಬರು ತಳ್ಳುವ ಅಭ್ಯಾಸಕ್ಕೆ, ನಿಂತರೆ ಮಾತ್ರ ಕಷ್ಟ. ತಳ್ಳೋಣ ಅಂದುಕೊಳ್ಳೋದೇ ತಡ, ಅವರು ಸೊಂಟ ತಿರುಗಿಸಿ ತಪ್ಪಿಸಿಕೊಂಡಿರ್ತಾರೆ. ಅವರು ತಳ್ಳಿದಾಗ ಮೆತ್ತಗಿರೋಣ ಅಂತ ಕೈ ಬಿಟ್ಟರೆ ಮೊಣಕೈ ಪಕ್ಕೆಗೆ ಅಂಟಿಕೊಂಡು ಸಿಕ್ಕಿಬೀಳ್ತೀನಿ. ‘ಬಲ ಬೇಡ, ಯಿ ಬಳಸಿ’ ಅಂತಾರೆ. ಆ ಯಿಯನ್ನ, ಅಂದರೆ ಮನಸ್ಸಿನ ಉದ್ದೇಶವನ್ನ, ಎಲ್ಲಿಡಬೇಕು? ಅಂಗೈಲಿಟ್ಟರೆ ಭುಜ ಬಿಗಿಯುತ್ತೆ.

ಉತ್ತರ 1:
ನಿಮ್ಮ ಕೊನೆಯ ಸಾಲಲ್ಲೇ ಕಾರಣ ಇದೆ. ಕೈ ಚಾಚುವ ಮುಂಚೆಯೇ ಕಾಲು, ಬೆನ್ನಿನ ಸ್ನಾಯುಗಳು ಸಮತೋಲಕ್ಕೆ ಸಿದ್ಧವಾಗೋದು ಎಲ್ಲರ ಮೈಯ ಸ್ವಭಾವ. ಅದರ ಮೇಲೆ ಭುಜವೂ ಬಿಗಿದರೆ ಸುದ್ದಿ ಮಣಿಕಟ್ಟಿನ ಮೂಲಕ ಆಗಲೇ ಎದುರಿನವರಿಗೆ ಮುಟ್ಟಿರುತ್ತೆ. ಸ್ಪರ್ಶದಿಂದ ಹೀಗೆ ಆಲಿಸೋದನ್ನೇ ತಿಂಗ್ ಜಿನ್ ಅನ್ನೋದು.

ಯಾಂಗ್ ಶೈಲಿಯ ಗುರು ಯಾಂಗ್ ಚೆಂಗ್‌ಫು (1883–1936) ಅವರ ಹತ್ತು ಸೂತ್ರಗಳಲ್ಲಿ ‘ಬಲವಲ್ಲ, ಯಿ’ ಅನ್ನೋದು ಆರನೆಯದು. ಭುಜ ಇಳಿಸಿ, ಮೊಣಕೈ ತಗ್ಗಿಸಿ ಅನ್ನೋದು ಅದಕ್ಕಿಂತ ಮೊದಲು, ಐದನೆಯದಾಗಿ ಬರುತ್ತೆ. ಸರಿಪಡಿಸೋದೂ ಅದೇ ಕ್ರಮದಲ್ಲಿ ಆಗಲಿ ಅನ್ನೋದು ನನ್ನ ಅಭಿಪ್ರಾಯ.

ಆದ್ದರಿಂದ ಮೊದಲು ಪೆಂಗ್, ಅಂದರೆ ತೋಳು ಬಿಗಿಯದೆ, ಕುಸಿಯದೆ ಹಿಗ್ಗಿ ನಿಲ್ಲುವ ಗುಣ. ಕಂಕುಳಲ್ಲಿ ಒಂದು ಮುಷ್ಟಿ ಹಿಡಿಸುವಷ್ಟು ಜಾಗ ಇರಲಿ. ಅವರು ತಳ್ಳಿದಾಗ ತೋಳಿನ ಆಕಾರ ಹಾಗೇ ಉಳಿಯಬೇಕು, ಭಾರ ಹಿಂದಿನ ಕಾಲಿಗೆ ಹೋಗಬೇಕು, ಸೊಂಟ ತಿರುಗಬೇಕು. ತೋಳು ಕುಸಿದರೆ ಸಂಪರ್ಕ ಕಡಿಯುತ್ತೆ, ಅದು ‘ದ್ಯೂ’. ಎದುರೊತ್ತಿದರೆ ‘ದಿಂಗ್’. ನೀವು ದಿಂಗ್‌ಗೆ ಹೆದರಿ ದ್ಯೂಗೆ ಬೀಳ್ತಿದ್ದೀರಿ.

ಅದಾದ ಮೇಲೆ ಒಂದು ಅಭ್ಯಾಸ. ಕಣ್ಣು ಮುಚ್ಚಿ ಮಣಿಕಟ್ಟು ಜೋಡಿಸಿ, ತಳ್ಳಲೇಬೇಡಿ. ಅವರು ನಿಧಾನಕ್ಕೆ ಭಾರ ಬದಲಿಸಲಿ; ಅದು ಯಾವ ಪಾದದಲ್ಲಿದೆ, ಹಿಮ್ಮಡಿಯಲ್ಲೋ ಬೆರಳ ಬುಡದಲ್ಲೋ, ನೀವು ಹೇಳಿ. ಅವರು ಸರಿ, ತಪ್ಪು ಅಂತ ಪ್ರಾಮಾಣಿಕವಾಗಿ ಹೇಳಬೇಕು. ನಿಮ್ಮನ್ನ ಖುಷಿಪಡಿಸೋಕೆ ಹಿಂದಕ್ಕೆ ಹಾರುವ ಜೊತೆಗಾರರಿಂದ ನೀವು ಏನೂ ಕಲಿಯಲ್ಲ! ಪಾದ ಗೊತ್ತಾಗತೊಡಗಿದಾಗ ಯಿಗೆ ಜಾಗ ಸಿಕ್ಕಿತು: ಅವರ ಹಿಮ್ಮಡಿ. ಅಲ್ಲಿಗೆ ಗಮನ ಕೊಟ್ಟು, ನಿಮ್ಮ ಹಿಂದಿನ ಪಾದದಿಂದ ಇಡೀ ಮೈ ಮುಂದೆ ಬರಲಿ. ಕೈ ಪ್ರತ್ಯೇಕವಾಗಿ ಚಾಚಬಾರದು.

ಉತ್ತರ 2:
ಆ ಅಭ್ಯಾಸ ಒಳ್ಳೇದು. ಆದರೆ ಯಿಯನ್ನ ಎದುರಿನವರ ಹಿಮ್ಮಡಿಗೆ ಕಳಿಸಿ ಅಂದರೆ ಹೊಸಬರು ಮುಂದಕ್ಕೆ ವಾಲಿಬಿಡ್ತಾರೆ, ಮೊಣಕಾಲು ಪಾದದ ತುದಿ ದಾಟುತ್ತೆ. ನಾನಾದರೆ ಮೊದಲು ಸ್ವಂತ ಹಿಂದಿನ ಪಾದದಲ್ಲೇ ಇಡಿಸ್ತೀನಿ. ಉಸಿರು ಹಿಡೀತಿದ್ದೀರಾ ಅಂತಲೂ ನೋಡಿಕೊಳ್ಳಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದ. ಕಣ್ಣು ಮುಚ್ಚಿದಾಗ ಪಾದ ಗೊತ್ತಾಗ್ತಿದೆ, ಭುಜವೂ ಇಳಿದಿದೆ. ಯಿ ಸ್ವಂತ ಪಾದದಲ್ಲಿದ್ದರೆ ವಾಲೋದೂ ಇಲ್ಲ. ಆದರೆ ಜೊತೆಗಾರರು ವೇಗ ಹೆಚ್ಚಿಸಿದರೆ ಎಲ್ಲಾ ತಪ್ಪಿಹೋಗುತ್ತೆ.

ಉತ್ತರ 1:
ವಾಲುವ ವಿಷಯದಲ್ಲಿ ಎರಡನೇ ಉತ್ತರದವರು ಹೇಳಿದ್ದು ಸರಿ, ಸದ್ಯಕ್ಕೆ ಹಾಗೇ ಮಾಡಿ. ವೇಗ ಈಗ ಬೇಡ. ಎಲ್ಲಿ ತಪ್ಪುತ್ತೋ ಅದಕ್ಕಿಂತ ಸ್ವಲ್ಪ ನಿಧಾನಕ್ಕೆ ತಳ್ಳೋಕೆ ಜೊತೆಗಾರರನ್ನ ಕೇಳಿ. ತಪ್ಪಿದಾಗ ಮೊದಲು ಬಿಗಿದದ್ದು ಯಾವುದು, ಭುಜವೋ ಸೊಂಟವೋ, ಗಮನಿಸಿ ಇಲ್ಲಿ ಬರೆಯಿರಿ.