ಸಹಾಯ ಬೇಕು: ದೀರ್ಘ ಸೈಕಲ್ ಸವಾರಿಗೆ ಒಗ್ಗುವ, ಸಿಹಿಯಲ್ಲದ ಆಹಾರ ಯಾವುದು?

ಎಲ್ಲರಿಗೂ ನಮಸ್ಕಾರ. ನಾಲ್ಕೈದು ಗಂಟೆಗಳ ಸವಾರಿಯ ನಡುವೆಯೂ ಅದು ಮುಗಿದ ಮೇಲೂ ತಾವು ಆಸೆಪಟ್ಟು ತಿನ್ನುವ ಆಹಾರ ಯಾವುದೆಂದು ತಿಳಿಸಬೇಕೆಂದು ಕೋರುತ್ತೇನೆ.

ಸ್ನಾಯು ಮತ್ತು ಯಕೃತ್ತಿನಲ್ಲಿರುವ ಗ್ಲೈಕೋಜನ್ (ದೇಹ ಕೂಡಿಟ್ಟ ಸಕ್ಕರೆಯ ಇಂಧನ) ಸಂಗ್ರಹ ಬಿರುಸಿನ ಸವಾರಿಯಲ್ಲಿ ಬೇಗನೆ ಕರಗುವುದರಿಂದ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಸೇವಿಸಬೇಕು, ಸವಾರಿ ಇನ್ನೂ ದೀರ್ಘವಾದರೆ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಎಂಬ ಎರಡು ಬಗೆಯ ಸಕ್ಕರೆಗಳನ್ನೂ ಬೆರೆಸಿ 90 ಗ್ರಾಂವರೆಗೆ ಏರಿಸಬಹುದು ಎಂಬ ಸಲಹೆಯನ್ನು ನಾನು ಪಾಲಿಸುತ್ತಿದ್ದೇನೆ. ತೊಡಕಿರುವುದು ರುಚಿಯಲ್ಲಿ. ಎನರ್ಜಿ ಜೆಲ್ (ಪೊಟ್ಟಣದಿಂದ ಹೀರುವ ಸಿಹಿ ಪಾಕ), ಬಾಳೆಹಣ್ಣು, ಖರ್ಜೂರಗಳ ಸಿಹಿ ಮೂರನೆಯ ಗಂಟೆಯ ಹೊತ್ತಿಗೆ ಬಾಯಿಗೆ ಮೆತ್ತಿಕೊಂಡಂತಾಗಿ, ಮುಂದಿನ ತುತ್ತು ಗಂಟಲಿನಿಂದ ಇಳಿಯುವುದೇ ಇಲ್ಲ. ಬೇಯಿಸಿ ಉಪ್ಪು ಸವರಿದ ಸಣ್ಣ ಆಲೂಗಡ್ಡೆಗಳನ್ನು ಜೆರ್ಸಿಯ ಹಿಂಜೇಬಿನಲ್ಲಿ ಇಟ್ಟುಕೊಂಡು ಹೋದಾಗ ಎಷ್ಟೋ ಹಿತವೆನಿಸಿತು. ಅವು ಕೈಗೆ ಅಂಟುವುದಿಲ್ಲ, ಏದುಸಿರಿನ ನಡುವೆಯೂ ಸುಲಭವಾಗಿ ಅಗಿಯಬಹುದು. ಆದರೆ ಪ್ರತಿ ಸಲವೂ ಆಲೂಗಡ್ಡೆಯೇ ಎಂದರೆ ಅದೂ ಬೇಸರ ತರಿಸುತ್ತದೆ.

ಮನೆಗೆ ಮರಳಿದ ಮೇಲೆ ದೇಹ ಅನ್ನವನ್ನೂ 20–25 ಗ್ರಾಂ ಪ್ರೋಟೀನನ್ನೂ ಬೇಡುತ್ತಿರುವಾಗಲೇ ಹೊಟ್ಟೆ ಏನನ್ನೂ ಒಪ್ಪದೆ ಮೊಂಡು ಹಿಡಿಯುತ್ತದೆ. ಆಗ ಉಪ್ಪು ಸ್ವಲ್ಪ ಮುಂದಾಗಿರುವ ಬಿಸಿ ಸೂಪನ್ನು ನಿಧಾನವಾಗಿ ಕುಡಿದು, ಆಮೇಲೆ ಮೆತ್ತಗಿನ ಅನ್ನದೊಂದಿಗೆ ಮೊಟ್ಟೆ ತಿಂದರೆ ಮಾತ್ರ ಜೀವ ಬಂದಂತಾಗುತ್ತದೆ. ಪುಡಿ ಕಲಸಿದ ಪಾನೀಯಕ್ಕಿಂತ ಬಿಸಿ ಊಟವೇ ಮೇಲು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಆದ್ದರಿಂದ, ಜೇಬಿನಲ್ಲಿ ಹಿಡಿಸುವ ಉಪ್ಪು-ಖಾರದ ತಿನಿಸುಗಳನ್ನೂ, ಹಿಂದಿನ ರಾತ್ರಿಯೇ ಮಾಡಿಟ್ಟು ಬಂದ ಕೂಡಲೇ ಬಿಸಿಮಾಡಿ ತಿನ್ನಬಹುದಾದ ಊಟಗಳನ್ನೂ, ಸಾಧ್ಯವಾದರೆ ಅಳತೆಯ ಸಮೇತ ದಯವಿಟ್ಟು ತಿಳಿಸಿ. ಸಸ್ಯಾಹಾರ, ಮಾಂಸಾಹಾರ ಎರಡೂ ನಡೆಯುತ್ತವೆ.