‘ನಿಯರ್ ಮಿಸ್’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ತೈಲಬಾವಿ ಕೊರೆಯುವ ರಿಗ್‌ಗಳಲ್ಲಿ ದುಡಿಯುವವರಿಗಾಗಿ ಒಂದು ಸುರಕ್ಷತಾ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಡ್ರಿಲ್ಲರ್, ಡೆರಿಕ್, ಮಡ್, ಕಿಕ್ ಎಲ್ಲವನ್ನೂ ಹಾಗೇ ಇಟ್ಟಿದ್ದೇನೆ. ಅಲ್ಲಿ ಕೆಲಸ ಮಾಡುವವರ ಬಾಯಲ್ಲಿ ಬರುವುದೇ ಅವು. ತೊಡಕಾಗಿರುವುದು ‘ನಿಯರ್ ಮಿಸ್’, ಅಂದರೆ ಅಪಘಾತ ಆಗುವುದರಲ್ಲಿದ್ದು ಆಗದೇ ಹೋದ ಘಟನೆ.

ಡೆರಿಕ್‌ನ (ಬಾವಿಯ ಮೇಲೆ ನಿಲ್ಲಿಸಿದ ಎತ್ತರದ ಉಕ್ಕಿನ ಗೋಪುರ) ಮೇಲೆ, ಸುಮಾರು 25 ಮೀಟರ್ ಎತ್ತರದಿಂದ, ಒಂದು ಸ್ಪ್ಯಾನರ್ ಜಾರಿ ಬೀಳುತ್ತದೆ ಅಂತಿಟ್ಟುಕೊಳ್ಳಿ. ಆ ಹೊತ್ತಿಗೆ ಕೆಳಗೆ ಯಾರೂ ಇರಲಿಲ್ಲ. ಅಪಘಾತ ಅನ್ನೋಣವೆಂದರೆ ಯಾರಿಗೂ ಏಟಾಗಿಲ್ಲ. ಏನೂ ಆಗಿಲ್ಲ ಅಂತ ಸುಮ್ನೆ ಬಿಟ್ಟರೆ, ನಾಳೆ ಅದೇ ಸ್ಪ್ಯಾನರ್ ಒಬ್ಬರ ಜೀವ ತೆಗೆಯಬಹುದು. ಇಂಥದ್ದನ್ನು ತಪ್ಪದೆ ವರದಿ ಮಾಡಿ ಎನ್ನುತ್ತದೆ ಕೈಪಿಡಿ.

‘ಕೂದಲೆಳೆ ಅಂತರದಲ್ಲಿ ಪಾರು’ ಎಂಬ ಪತ್ರಿಕೆಗಳ ಮಾತು ಮೊದಲು ಹೊಳೆಯಿತು. ಅದರಲ್ಲಿ ಬದುಕಿಕೊಂಡ ಸಮಾಧಾನವೇ ಜಾಸ್ತಿ. ಸ್ಪ್ಯಾನರ್ ಖಾಲಿ ಜಾಗಕ್ಕೆ ಬಿದ್ದಾಗ ಪಾರಾದವರು ಯಾರು? ‘ಸ್ವಲ್ಪದರಲ್ಲಿ ತಪ್ಪಿದ ಅನಾಹುತ’ ಇದಕ್ಕಿಂತ ವಾಸಿ. ಆದರೆ ಫಾರಂ ಮೇಲೆ ‘ತಪ್ಪಿದ’ ಎಂದು ಕಂಡರೆ, ಓದುವವರಿಗೆ ‘ತಪ್ಪು’ ನೆನಪಾಗುತ್ತದಲ್ವಾ? ಯಾರ ತಲೆಗೆ ಕಟ್ಟುತ್ತಾರೋ ಎಂಬ ಭಯದಿಂದಲೇ ಎಷ್ಟೋ ಜನ ಇಂಥವನ್ನು ಹೇಳುವುದಿಲ್ಲ. ಆ ಭಯವನ್ನು ಪದವೇ ಹೆಚ್ಚಿಸಬಾರದು.

ಇಷ್ಟು ಹಟ ಹಿಡಿಯಲು ಕಾರಣವಿದೆ. 2010ರ ಏಪ್ರಿಲ್ 20ರಂದು ಮೆಕ್ಸಿಕೊ ಕೊಲ್ಲಿಯಲ್ಲಿ ಡೀಪ್‌ವಾಟರ್ ಹೊರೈಜನ್ ರಿಗ್ ಸ್ಫೋಟಗೊಂಡು 11 ಜನ ಸತ್ತರು. ಅದಕ್ಕೆ ನಾಲ್ಕು ತಿಂಗಳ ಮೊದಲು, 2009ರ ಡಿಸೆಂಬರ್‌ನಲ್ಲಿ, ಆ ರಿಗ್‌ನ ಒಡೆತನವಿದ್ದ ಟ್ರಾನ್ಸ್‌ಓಷನ್ ಕಂಪನಿಯದೇ ಇನ್ನೊಂದು ರಿಗ್‌ನಲ್ಲಿ ಹೆಚ್ಚುಕಡಿಮೆ ಇದೇ ರೀತಿ ಬಾವಿ ಕೈಮೀರುವುದರಲ್ಲಿತ್ತು. ಅದು ಯುರೋಪಿನ ನಾರ್ತ್ ಸೀ (ಉತ್ತರ ಸಮುದ್ರ)ಯಲ್ಲಿ. ಅಲ್ಲಿ ಹೇಗೋ ಬಾವಿಯನ್ನು ಮುಚ್ಚಿದರು. ಆ ಪಾಠ ಹೊರೈಜನ್‌ನವರಿಗೆ ಸರಿಯಾಗಿ ತಲುಪಲೇ ಇಲ್ಲ ಎಂದು ಅಮೆರಿಕದ ಅಧ್ಯಕ್ಷರು ನೇಮಿಸಿದ್ದ ಆಯೋಗ ಹೇಳಿತು. ತಲುಪಿದ್ದರೆ ಆ 11 ಜನ ಉಳಿಯುತ್ತಿದ್ದರೇನೋ ಎಂದು ಯೋಚಿಸಿದಾಗಲೆಲ್ಲ ಸಂಕಟವಾಗುತ್ತದೆ.

ಸದ್ಯಕ್ಕೆ ‘ಆಗಬಹುದಿದ್ದ ಅಪಘಾತ’ ಎಂದು ಬರೆದಿಟ್ಟಿದ್ದೇನೆ. ಯಾರ ಮೇಲೂ ಬೊಟ್ಟು ಮಾಡುವುದಿಲ್ಲ, ಅಪಾಯವನ್ನೂ ಮರೆಸುವುದಿಲ್ಲ. ಆದರೆ ಅಪಘಾತ ಎಂದರೆ ರಸ್ತೆ, ವಾಹನ ಕಣ್ಣ ಮುಂದೆ ಬರುತ್ತವೆ. ಅಲ್ಲಿ ‘ಅವಘಡ’ ಹಾಕಿದರೆ ಹೇಗೆ? ಬೆಂಕಿಗಷ್ಟೇ ಸರಿ ಅನ್ನಿಸುತ್ತದೆಯೇ?

ಕಾರ್ಖಾನೆ, ಗಣಿ, ಕಟ್ಟಡ ಕೆಲಸದಲ್ಲಿರುವವರು ಇಂಥದ್ದು ನಡೆದಾಗ ತಮ್ಮತಮ್ಮಲ್ಲಿ ಏನೆನ್ನುತ್ತೀರಿ? ಆಡುಮಾತಾದರೂ ಪರವಾಗಿಲ್ಲ, ದಯವಿಟ್ಟು ತಿಳಿಸಿ.