ಭೂ ಬಳಕೆ ಬದಲಾವಣೆಗೆ ಪಂಚಾಯ್ತಿ ತಡೆ ಹಾಕಬಹುದೇ?

ಪ್ರಶ್ನೆ (ಗ್ರಾಮ ಪಂಚಾಯ್ತಿ ಸದಸ್ಯೆ, ಶಿವಮೊಗ್ಗ ತಾಲ್ಲೂಕು):

ನಮಸ್ಕಾರ ಸರ್. ನಮ್ಮ ಪಂಚಾಯ್ತಿ ಶಿವಮೊಗ್ಗ ನಗರಕ್ಕೆ ಹೊಂದಿಕೊಂಡಿದೆ. 2023ರಲ್ಲಿ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಶುರುವಾಯಿತಲ್ಲ, ಆಮೇಲೆ ನಮ್ಮ ಕಡೆ ಗದ್ದೆಗೆ ಮಣ್ಣು ತುಂಬಿ ಸೈಟಿನ ಕಲ್ಲು ನೆಡುವುದು ಜಾಸ್ತಿಯಾಗಿದೆ. ಕಳೆದ ಮಳೆಗಾಲದಲ್ಲಿ ಕೆರೆ ಕೋಡಿ ಬಿದ್ದಾಗ ನೀರು ಕಾಲುವೆಗೆ ಹೋಗಲಿಲ್ಲ. ಎಂಟು ಮನೆಯೊಳಗೆ ಬಂತು. ನಮ್ಮ ಅತ್ತೆ ರಾತ್ರಿ ಒಂದು ಗಂಟೆಗೆ ಅಕ್ಕಿ ಮೂಟೆ ಎತ್ತಿ ಅಟ್ಟಕ್ಕೆ ಹಾಕಿದರು.

ಹೋದ ವಾರದ ಸಭೆಯಲ್ಲಿ ಕೆಲವರು, "ಒಂದು ವರ್ಷ ಯಾವ ಜಮೀನಿನ ಭೂ ಬಳಕೆಯನ್ನೂ ಬದಲಾಯಿಸಬಾರದು ಅಂತ ನಿರ್ಣಯ ಮಾಡೋಣ" ಎಂದರು. ಇನ್ನು ಕೆಲವರು, "ಹಾಗೆ ಮಾಡಿದರೆ ರೈತನ ಜಮೀನಿಗೆ ಬೆಲೆ ಎಲ್ಲಿ?" ಎಂದು ಎದ್ದು ಹೋದರು. ಮುಂದಿನ ಸಭೆಯಲ್ಲಿ ನಾನು ಕೈ ಎತ್ತಬೇಕು. ನಮಗೆ ಆ ಅಧಿಕಾರ ಇದೆಯಾ ಸರ್?

ಉತ್ತರ (ನಿವೃತ್ತ ನಗರ ಯೋಜಕ):

ಮೇಡಂ, ನೇರವಾಗಿ ಹೇಳುತ್ತೇನೆ. ನಿರ್ಣಯ ಮಾಡಬಹುದು. ಆದರೆ ಆ ನಿರ್ಣಯ ಒಂದರಿಂದಲೇ ಏನೂ ನಿಲ್ಲುವುದಿಲ್ಲ.

ಇಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ. ಜನ ಎರಡನ್ನೂ ಕಲಸಿ "ಕನ್ವರ್ಷನ್" ಎನ್ನುತ್ತಾರೆ. ಕೃಷಿ ಜಮೀನನ್ನು ಬೇರೆ ಉಪಯೋಗಕ್ಕೆ ತಿರುಗಿಸುವುದು ಭೂ ಪರಿವರ್ತನೆ. ಅದು 1964ರ ಭೂ ಕಂದಾಯ ಕಾಯ್ದೆಯ 95ನೇ ಕಲಂ, ಜಿಲ್ಲಾಧಿಕಾರಿಗಳ ಕೈಯಲ್ಲಿರುವುದು. ಯಾವ ಜಾಗ ಯಾವ ಉಪಯೋಗಕ್ಕೆ ಎಂದು ಗುರುತಿಸುವ ಮಾಸ್ಟರ್ ಪ್ಲಾನ್ ನಕ್ಷೆಯಲ್ಲಿ ಹಸಿರಿದ್ದದ್ದನ್ನು ಹಳದಿ ಮಾಡುವುದು, ಅಂದರೆ ಕೃಷಿ ವಲಯವನ್ನು ವಸತಿ ವಲಯ ಮಾಡುವುದು, ಭೂ ಬಳಕೆ ಬದಲಾವಣೆ. ಅದು 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14-ಎ ಕಲಂ. ಯೋಜನಾ ಪ್ರಾಧಿಕಾರ ಮಾಡುತ್ತದೆ, ಸರ್ಕಾರದ ಒಪ್ಪಿಗೆ ಬೇಕು. ನಿಮ್ಮ ಊರು ಪ್ರಾಧಿಕಾರದ ಸ್ಥಳೀಯ ಯೋಜನಾ ಪ್ರದೇಶದೊಳಗೆ, ಅಂದರೆ ಅದರ ಯೋಜನೆ ಅನ್ವಯಿಸುವ ಗಡಿಯೊಳಗೆ, ಇದ್ದರೆ ಎರಡನೆಯದನ್ನೇ ನೀವು ಹಿಡಿಯಬೇಕು. ಒಳಗಿದೆಯೋ ಇಲ್ಲವೋ ಮೊದಲು ಅದನ್ನು ಖಚಿತ ಮಾಡಿಕೊಳ್ಳಿ.

14-ಎ ಅಡಿ ಬದಲಾವಣೆ ಮಾಡುವ ಮೊದಲು ದಿನಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು. ಆಕ್ಷೇಪಣೆಗೆ ಕನಿಷ್ಠ 15 ದಿನ ಬಿಡಬೇಕು. ಆ 15 ದಿನವೇ ನಿಮ್ಮ ಕೈಯಲ್ಲಿರುವ ನಿಜವಾದ ಶಕ್ತಿ. ನಾನು ಕೆಲಸದಲ್ಲಿದ್ದಾಗ ಎಷ್ಟೋ ಫೈಲುಗಳಲ್ಲಿ "ಆಕ್ಷೇಪಣೆ ಬಂದಿಲ್ಲ" ಎಂಬ ಒಂದೇ ಸಾಲು ಓದಿದ್ದೇನೆ. ಊರಲ್ಲಿ ಯಾರಿಗೂ ವಿರೋಧ ಇರಲಿಲ್ಲ ಅಂತಲ್ಲ. ಒಳಪುಟದ ಆ ಸಣ್ಣ ಪ್ರಕಟಣೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಪ್ರಶ್ನೆ (ಅದೇ ಸದಸ್ಯೆ):

ಆಕ್ಷೇಪಣೆ ಬರೆದರೆ ಕೇಳುತ್ತಾರಾ ಸರ್? "ನಮ್ಮ ಊರಿನ ಹಸಿರು ಉಳಿಸಿ" ಅಂತ ಹಿಂದೆ ಒಂದು ಅರ್ಜಿ ಕೊಟ್ಟಿದ್ದೆವು. ಉತ್ತರವೇ ಬರಲಿಲ್ಲ.

ಉತ್ತರ:

ಹಾಗೆ ಬರೆದರೆ ಅಧಿಕಾರಿಗೆ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ. ಸರ್ವೆ ನಂಬರ್ ಬೇಕು, ಅಳತೆ ಬೇಕು.

ನಿಮ್ಮ ಗ್ರಾಮ ನಕ್ಷೆ ತೆಗೆಯಿರಿ. ಭೂಮಾಪನ ಇಲಾಖೆಯ ವೆಬ್‌ಸೈಟಿನಲ್ಲೇ ಸಿಗುತ್ತದೆ. ಅದರಲ್ಲಿ ಕೆರೆ, ಹಳ್ಳ, ಕಾಲುವೆ ಎಲ್ಲ ಗುರುತಾಗಿರುತ್ತವೆ. ಆಮೇಲೆ ಆ ಕಾಲುವೆ ಹಾದುಹೋಗುವ ಸರ್ವೆ ನಂಬರುಗಳ ಪಹಣಿ ತೆಗೆದು ಖರಾಬಿನ ಅಂಕಣ, ಅಂದರೆ ಸಾಗುವಳಿ ಲೆಕ್ಕಕ್ಕೆ ಸೇರದ ಜಾಗದ ಅಂಕಣ, ನೋಡಿ. ಎ ಖರಾಬು ಸಾಗುವಳಿಗೆ ಬಾರದ ಜಾಗ. ಬಿ ಖರಾಬು ಅಂದರೆ ಹಳ್ಳ, ದಾರಿ, ಕಾಲುವೆಯಂಥ ಸಾರ್ವಜನಿಕ ಜಾಗ. ಅದನ್ನು ಸೈಟು ಮಾಡಿ ಮಾರುವ ಹಕ್ಕು ಯಾರಿಗೂ ಇಲ್ಲ. ಲೇಔಟಿನ ನಕ್ಷೆಯಲ್ಲಿ ಆ ಜಾಗ ರಸ್ತೆಯಾಗಿಯೋ ಸೈಟಾಗಿಯೋ ಕಂಡರೆ ನಿಮ್ಮ ಆಕ್ಷೇಪಣೆಯ ಮೊದಲ ಸಾಲು ಅದೇ ಆಗಬೇಕು.

ಒಂದು ಉದಾಹರಣೆ ಹೇಳುತ್ತೇನೆ. ಮಲೆನಾಡಿನ ಒಂದು ಊರಲ್ಲಿ ಮೂರು ಅಡಿ ಅಗಲ, ಎರಡು ಅಡಿ ಆಳದ ಕಾಲುವೆ ಇತ್ತು. ಲೇಔಟ್ ಮಾಡಿದವರು ಅದನ್ನು ಮುಚ್ಚಿ ಒಂದು ಅಡಿ ವ್ಯಾಸದ ಸಿಮೆಂಟ್ ಪೈಪು ಹಾಕಿದ್ದರು. ಮೇಲೆ ಚಂದದ ರಸ್ತೆ, ಬೇಸಿಗೆಯಲ್ಲಿ ನೋಡಿದರೆ ಏನೂ ತಪ್ಪಿಲ್ಲ. ಕಾಲುವೆಯಲ್ಲಿ ನೀರಿಗೆ ಆರು ಚದರ ಅಡಿ ಜಾಗವಿತ್ತು. ಪೈಪಿನಲ್ಲಿ ಮುಕ್ಕಾಲು ಚದರ ಅಡಿಗಿಂತ ಸ್ವಲ್ಪ ಮೇಲೆ, ಅಷ್ಟೇ. ಆಷಾಢದ ಮಳೆ ಹಿಡಿದಾಗ ಉಳಿದ ನೀರು ಎಲ್ಲಿಗೆ ಹೋಗಬೇಕು? ನಾನು ಟೇಪು ಹಿಡಿದು ಆ ಪೈಪಿನ ಬಾಯಿ ಅಳೆಯುತ್ತಿದ್ದಾಗ ಅದರ ತುಂಬ ತೆಂಗಿನ ಗರಿ, ಹರಿದ ಚೀಲ ಸಿಕ್ಕಿಕೊಂಡಿದ್ದವು. 2019ರ ಆಗಸ್ಟ್‌ನಲ್ಲಿ ತುಂಗೆ ಉಕ್ಕಿ ಶಿವಮೊಗ್ಗದ ತಗ್ಗು ಬಡಾವಣೆಗಳಿಗೆ ನುಗ್ಗಿದ್ದನ್ನು ನಾವೆಲ್ಲ ನೋಡಿದ್ದೇವೆ. ಆದರೆ ಹೊಳೆ ದೂರ ಇರುವ ಊರಲ್ಲೂ ಹೀಗೆ ಮನೆಗೆ ನೀರು ಬರುತ್ತದೆ.

ನಿಮ್ಮ ಅತ್ತೆಯವರ ಆ ರಾತ್ರಿಯ ವಿಷಯ ಕೂಡ ಬರೆಯಿರಿ. ತಾರೀಖು, ಮನೆಗಳ ಸಂಖ್ಯೆ, ಗೋಡೆಯ ಮೇಲಿನ ನೀರಿನ ಗುರುತಿನ ಫೋಟೋ ಎಲ್ಲ ಹಾಕಿ. ಬದಲಾವಣೆ ಕೊಡುವವರು "ಸಾರ್ವಜನಿಕ ಹಿತ" ಎಂಬ ಕಾರಣ ತೋರಿಸಿದಾಗ ಈ ದಾಖಲೆ ಎದುರು ನಿಲ್ಲುತ್ತದೆ.

ಪ್ರತಿಕ್ರಿಯೆ (ರೈತ):

ಸರ್, ನೀವು ಹೇಳುವುದು ಸರಿ. ಆದರೆ ನನಗಿರುವುದು ಒಂದೂಕಾಲು ಎಕರೆ. ಅಡಿಕೆಗೆ ಎಲೆಚುಕ್ಕೆ ರೋಗ ಬಂದು ಎರಡು ವರ್ಷದಿಂದ ಫಸಲಿಲ್ಲ. ಮಗಳ ಓದಿಗೆ ಹತ್ತು ಗುಂಟೆ ಮಾರೋಣ ಅಂತಿದ್ದೇನೆ. ದೊಡ್ಡವರು ಮೊದಲೇ ಲೇಔಟ್ ಮಾಡಿ ದುಡ್ಡು ಎಣಿಸಿಕೊಂಡಾಯಿತು. ಈಗ ನಮ್ಮ ಸರದಿಗೆ ತಡೆ ಅಂದರೆ ಅದು ನ್ಯಾಯವಾ?

ಉತ್ತರ:

ಅಣ್ಣಾ, ನಿಮ್ಮ ಮಾತಿನಲ್ಲಿ ತಪ್ಪಿಲ್ಲ. ಭೂ ಬಳಕೆ ಬದಲಾವಣೆಗೆ ತಡೆ ಬಿದ್ದರೂ ಕೃಷಿ ಜಮೀನಾಗಿ ಮಾರುವುದು ನಿಲ್ಲುವುದಿಲ್ಲ. 2020ರ ತಿದ್ದುಪಡಿಯಲ್ಲಿ ಭೂ ಸುಧಾರಣಾ ಕಾಯ್ದೆಯ 79-ಎ, 79-ಬಿ ಕಲಂ ತೆಗೆದ ಮೇಲೆ ರೈತರಲ್ಲದವರೂ ಕೊಳ್ಳಬಹುದು. ಮಾರುವ ತುಂಡನ್ನು ಅಳೆದು ಗುರುತಿಸುವ 11-ಇ ಸರ್ವೆ ನಕ್ಷೆ ಮಾಡಿಸಿಕೊಳ್ಳಿ. ಆದರೆ ಸೈಟಿನ ಬೆಲೆ ಸಿಗುವುದಿಲ್ಲ, ಅದು ನಿಜ. ಆ ನಷ್ಟ ನಿಮ್ಮಂಥವರ ಮೇಲೇ ಬೀಳುತ್ತದೆ ಎನ್ನುವುದು ನನಗೂ ನೋವಿನ ವಿಷಯ.

ಅದಕ್ಕೇ ಮೇಡಂ, "ಎಲ್ಲ ಬಂದ್" ಎನ್ನುವ ನಿರ್ಣಯಕ್ಕೆ ನಾನು ಕೈ ಎತ್ತುತ್ತಿರಲಿಲ್ಲ. ಒಂದು ವರ್ಷ ಸುಮ್ನೆ ನಿಲ್ಲಿಸಿದರೆ ಕಲ್ಲು ನೆಡುವವರು ಕಾಯುತ್ತಾರೆ, ಇಂಥ ಸಣ್ಣ ರೈತ ಕಾಯಲಾರ. ನಿರ್ಣಯ ಹೀಗಿರಲಿ: ಕೆರೆಯ ಕೋಡಿಯಿಂದ ಹಳ್ಳದವರೆಗೆ ನೀರು ಹರಿಯುವ ದಾರಿಯ ಅಕ್ಕಪಕ್ಕದ ಸರ್ವೆ ನಂಬರುಗಳನ್ನು ಹೆಸರಿಸಿ, ಅಲ್ಲಿ ಕಾಲುವೆ ಸರ್ವೆ ಮುಗಿಯುವ ತನಕ ಬದಲಾವಣೆ ಕೊಡಬೇಡಿ ಎಂದು ಪ್ರಾಧಿಕಾರವನ್ನೂ ಜಿಲ್ಲಾಧಿಕಾರಿಗಳನ್ನೂ ಕೋರುವುದು. ಉಳಿದ ಜಾಗಕ್ಕೆ ಅಡ್ಡಿ ಬೇಡ. ಮಾಸ್ಟರ್ ಪ್ಲಾನ್ ಅನ್ನು ಹತ್ತು ವರ್ಷಕ್ಕೊಮ್ಮೆ ಪರಿಷ್ಕರಿಸಬೇಕು ಎಂದು ಕಾಯ್ದೆಯೇ ಹೇಳುತ್ತದೆ. ಕರಡು ಬಂದಾಗ ಜನರ ಅಭಿಪ್ರಾಯಕ್ಕೆ 60 ದಿನ ಇರುತ್ತದೆ. ಒಂದೊಂದೇ ತುಂಡು ಬದಲಾಯಿಸುವ ಬದಲು ಆ ಪರಿಷ್ಕರಣೆಯಲ್ಲಿ ಕಾಲುವೆ, ಕೆರೆ ಅಂಗಳ ಸೇರಿಸಿ ಎಂದು ಈಗಲೇ ಬರೆದು ಕೊಡಿ.

ಪ್ರಶ್ನೆ (ಅದೇ ಸದಸ್ಯೆ):

ಆಯ್ತು ಸರ್. ಭಾನುವಾರ ನಾನು, ಕೆರೆ ನೀರು ಬಿಡುವ ನೀರುಗಂಟಿ ಅಜ್ಜ, ಇಬ್ಬರು ಹುಡುಗರು ಕೋಡಿಯಿಂದ ಕೆಳಗೆ ನಡೆದುಕೊಂಡು ಹೋಗುತ್ತೇವೆ. ಏನೇನು ತರಬೇಕು?

ಉತ್ತರ:

ಗ್ರಾಮ ನಕ್ಷೆಯ ದೊಡ್ಡ ಪ್ರತಿ, ಮೂವತ್ತು ಮೀಟರಿನ ಟೇಪು, ಪೆನ್ಸಿಲ್ಲು. ಪ್ರತಿ ಮೋರಿಯ ಅಗಲ, ಆಳ ಬರೆದುಕೊಳ್ಳಿ. ಕಾಲುವೆ ಎಲ್ಲಿ ತಿರುಗುತ್ತಿತ್ತು ಎಂದು ಅಜ್ಜನನ್ನು ಕೇಳಿ, ಅವರು ತೋರಿಸಿದ ಕಡೆಯೆಲ್ಲ ಫೋಟೋ ತೆಗೆಯಿರಿ. ಮಳೆ ಬಂದರೆ ವಾಪಸ್ ಬರಬೇಡಿ. ನೀರು ನಿಂತ ಜಾಗ ಆಗಲೇ ಚೆನ್ನಾಗಿ ಕಾಣುವುದು.